ಉಡಿ ತುಂಬಿದ ಗಾಡಿ

ನನ್ನ ಮಗ ಭಾಳ ಆಸೆಪಟ್ಟು ಒಂದು ದೊಡ್ಡ ಮೋಟರ್ ಸೈಕಲ್ ಕೊಂಡ. ಕೊಂಡ ವರ್ಷವೇ ಅವನಿಗೆ ಸೊಂಟ ಹಿಡಿಯಿತು. ಗಾಡಿ ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಹಳೆಯ ಕೌದಿ ಹೊದ್ದುಕೊಂಡು ನಿಂತುಬಿಟ್ಟಿತು. ಬಂದ ಬೀಗರು ಅದರ ಮೇಲೆ ಟವೆಲ್ ಒಣಹಾಕುತ್ತಿದ್ದರು. ಒಂದು ದಿನ ಸೊಸೆ ಕೌದಿ ತೆಗೆದಳು. ಆಕೆಯ ಗೆಳತಿಯೊಬ್ಬಳು ಬಾದಾಮಿಯಲ್ಲಿ ಸಾಲಿ ಕಲಿಸುತ್ತಾಳೆ, ಎಲ್ಲರೂ ಆಕೆಯನ್ನು ಅಕ್ಕೋರು ಎಂದೇ ಕರೆಯುವುದು. ಆಕೆ ಬಂದು ಹೇಳಿಕೊಟ್ಟಳು. ಮೊದಲು ಸಂತೆಯ ಬಯಲಿನಲ್ಲಿ, ಆಮೇಲೆ ಹುನಗುಂದದ ರಸ್ತೆಯಲ್ಲಿ. ಸೊಸೆ ಬಿದ್ದಳು, ಎದ್ದಳು, ಕಲಿತಳು. ಐವತ್ತರ ಹತ್ತಿರದ ಹೆಂಗಸು. ಅತ್ತೆಯಾದವಳು ಈಗ ಏನಾದರೂ ಅಂದಾಳು ಎಂದು ಓಣಿಯವರು ನನ್ನ ಮುಖ ನೋಡಿದರು.

ನಾನು ಏನೂ ಅನ್ನಲಿಲ್ಲ. ನನಗೆ ಸೊಸೆಯ ಮೇಲೆ ಪ್ರೀತಿ ಉಕ್ಕಿತ್ತು ಎಂದು ಯಾರೂ ತಿಳಿಯಬೇಡಿ. ನನ್ನ ಕಣ್ಣು ತೋರಿಸುವುದು ಬಾಗಲಕೋಟೆಯ ದವಾಖಾನೆಯಲ್ಲಿ. ಮೊದಲೆಲ್ಲ ಮಗನಿಗೆ ಹೇಳುತ್ತಿದ್ದೆ. ಅವನು ತನ್ನ ಅಂಗಡಿಗೆ ಹೊರಡುತ್ತ "ನಾಳೆ ಹೋಗೂಣವ್ವ" ಎನ್ನುತ್ತಿದ್ದ. ಆ ನಾಳೆ ಯಾವತ್ತೂ ಬರಲಿಲ್ಲ. ಬಸ್ಸಿನಲ್ಲಿ ಹೋದರೆ ನನಗೆ ವಾಂತಿ. ಸೊಸೆ ಗಾಡಿ ಕಲಿತ ಮೇಲೆ "ಅತ್ತಿ, ಕುಂಡ್ರಿ" ಎಂದರೆ ಸಾಕು, ಸೆರಗಿನ ಮೇಲೆ ಹೆಲ್ಮೆಟ್ ಏರಿಸಿ ಹಿಂದೆ ಕೂಡುತ್ತಿದ್ದೆ. ಮುಖಕ್ಕೆ ಗಾಳಿ ಬಡಿದರೆ ವಾಂತಿ ಬರುವುದಿಲ್ಲ ಎಂಬುದು ನನಗೆ ಎಪ್ಪತ್ತು ದಾಟಿದ ಮೇಲೆ ಗೊತ್ತಾಯಿತು.

ಹೀಗಿರುವಾಗ ಸೊಸೆ, ಅಕ್ಕೋರು, ಹುನಗುಂದದ ಒಬ್ಬಳು ನರ್ಸ್, ಗುಳೇದಗುಡ್ಡದಲ್ಲಿ ಕುಬುಸದ ಖಣದ ವ್ಯಾಪಾರ ಮಾಡುವ ಒಬ್ಬಳು, ನಾಲ್ವರೂ ಸೇರಿ ಬೇಸಿಗೆ ರಜೆ ಮುಗಿಯುವುದರೊಳಗೆ ಗಾಡಿಯ ಮೇಲೆ ಲಡಾಖಕ್ಕೆ ಹೋಗುವುದೆಂದು ಮಾಡಿದರು. ಮನಾಲಿ ತನಕ ಗಾಡಿಗಳು ಲಾರಿಯಲ್ಲಿ, ಹೆಂಗಸರು ದಿಲ್ಲಿ ತನಕ ರೈಲಿನಲ್ಲಿ, ಮನಾಲಿಗೆ ಜೀಪಿನಲ್ಲಿ. ಅಲ್ಲಿಂದ ಮುಂದೆ ಹಿಮದ ಘಾಟು ಹತ್ತಿ ಇಳಿದು, ಬೆಟ್ಟಗಳ ನಡುವೆ ಒಂದು ಮರಳುಗಾಡು ಇದೆಯಂತೆ, ಅದನ್ನು ಕಂಡು ಬರುವುದು.

ಮಗ ನಕ್ಕ. "ಮನಿ ಮುಂದಿನ ಗಟಾರ ದಾಟೂ ಮುಂದ ಎರಡು ಕಾಲು ಕೆಳಗ ಊರತಾಳ. ಹಿಮಾಲಯ ದಾಟತಾಳಂತ."

"ಒಂದು ಕಾಲು ಊರತೇನಿ," ಎಂದಳು ಸೊಸೆ.

"ಆತು, ಹೋಗು. ಆದ್ರ ಮನಾಲಿ ಬಿಟ್ಟ ಮ್ಯಾಲ ತಿರುಗಿ ಮನಾಲಿಗೆ ಬರೂತನಕ ಗಾಡಿ ತನ್ನ ಗಾಲಿ ಮ್ಯಾಲ ಬರಬೇಕು. ಒಂದ್ಸಲ ಬ್ಯಾರೆ ಗಾಡ್ಯಾಗ ಹೇರಿದ್ರ ಮುಗೀತು. ಗುಡೂರಿನವ ಒಬ್ಬ ತಗೋತೇನಿ ಅಂದಾನ, ಅವಗ ಕೊಟ್ಟುಬಿಡತೇನಿ."

"ಹೇರಿದ್ನೋ ಇಲ್ಲೋ ಅಂತ ನಿಮಗ ಹ್ಯಾಂಗ ಗೊತ್ತಾಗತೈತಿ?"

"ಅವ್ವ ನಿನ್ನ ಜೋಡಿ ಬರತಾಳ. ಅವ್ವ ಹೇಳಿದ್ರ ನಾ ನಂಬತೇನಿ."

ಅವನ ಲೆಕ್ಕ ನನಗೆ ತಿಳಿಯದ್ದೇನಲ್ಲ. ಬಸ್ಸೆಂದರೆ ಹೆದರುವ ಮುದುಕಿ, ಬರುವುದಿಲ್ಲ ಎನ್ನುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ ಎಂದು. ನಾನು ಅವಲಕ್ಕಿ ತಿನ್ನುತ್ತಿದ್ದೆ. ತಿಂದು ಮುಗಿಸಿ, "ಸ್ವೆಟರ್ ಎಷ್ಟು ಬೇಕಾಗತಾವ?" ಎಂದು ಕೇಳಿದೆ. ಮಗನ ಮುಖ ನೋಡಬೇಕಿತ್ತು.

ನಾನು ಸುಳ್ಳು ಹೇಳುವುದಿಲ್ಲ ಎಂಬುದು ಖರೆ. ಅದರಲ್ಲಿ ದೊಡ್ಡಸ್ತಿಕೆ ಏನಿಲ್ಲ. ಸುಳ್ಳು ಹೇಳಿದರೆ ಅದನ್ನು ನೆನಪಿಟ್ಟುಕೊಳ್ಳಬೇಕು. ನನಗೆ ಕಣ್ಣಿನ ಚಾಳೀಸು ಎಲ್ಲಿಟ್ಟೆ ಎಂಬುದೇ ನೆನಪಿರುವುದಿಲ್ಲ.

ಹೊರಡುವ ದಿನ ನಡೆದದ್ದನ್ನು ಹೇಳಬೇಕು. ದೂರದ ಊರಿಗೆ ಹೊರಟ ಮುತ್ತೈದೆಗೆ ನಮ್ಮಲ್ಲಿ ಉಡಿ ತುಂಬುತ್ತಾರೆ. ಸೆರಗಿನಲ್ಲಿ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಶಿನದ ಕೊಂಬು, ಮೇಲೊಂದು ಕುಬುಸದ ಖಣ. ನಾನೇ ಮೊದಲು ಆರಂಭ ಮಾಡಿಸಿದೆ. ನನಗೆ ಗಂಡ ಇಲ್ಲ, ನಾನು ತುಂಬುವಂತಿಲ್ಲ, ಬಾಜೂ ಮನೆಯವಳನ್ನು ಕರೆದೆ. ಅದನ್ನು ಎದುರು ಮನೆಯವಳು ನೋಡಿದಳು. ನಮ್ಮ ಓಣಿಯಲ್ಲಿ ಒಂದು ಮನೆಯವರು ತುಂಬಿದರೆ ಇನ್ನೊಂದು ಮನೆಯವರು ಸುಮ್ಮನಿರುವಂತಿಲ್ಲ. ಒಬ್ಬೊಬ್ಬರೇ ತಟ್ಟೆ ಹಿಡಿದು ಬಂದರು. ಸೊಸೆ ಮೊಣಕಾಲಿಗೆ, ಮೊಣಕೈಗೆ ಡಬ್ಬಿ ಕಟ್ಟಿದಂಥ ಪ್ಯಾಂಟು, ಕೋಟು ಹಾಕಿಕೊಂಡು ನಿಂತಿದ್ದಾಳೆ. ಉಡಿಯೇ ಇಲ್ಲ, ತುಂಬುವುದೆಲ್ಲಿ?

"ಹೆಲ್ಮೆಟ್‍ದಾಗ ಹಾಕ್ರಿ," ಎಂದಳು ಸೊಸೆ.

"ತಲಿ ಮ್ಯಾಲ ಹಾಕೂದ್ರಾಗ ಉಡಿ ತುಂಬತಾರೇನ? ದೋತರ ತಾ," ಎಂದೆ.

ಸತ್ತ ನನ್ನ ಗಂಡನ ಹಳೆಯ ದೋತರವನ್ನು ಪ್ಯಾಂಟಿನ ಮೇಲೆ ಸೊಂಟಕ್ಕೆ ಕಟ್ಟಿ ಉಡಿ ಮಾಡಿದೆವು. ತುಂಬುವುದು, ಚೀಲಕ್ಕೆ ಸುರಿಯುವುದು, ಮತ್ತೆ ತುಂಬುವುದು. ಉಳಿದ ಮೂವರ ಊರುಗಳಲ್ಲಿ ಅಷ್ಟು ಉಪದ್ವ್ಯಾಪ ಆಗಿರಲಿಲ್ಲ. ಅಕ್ಕೋರಿಗೂ ಖಣದಾಕೆಗೂ ಒಂದೊಂದು ಕಾಯಿ. ನರ್ಸಿಗೆ ಆಕೆಯ ತಾಯಿ ತೋಳಿಗೆ ತಾಯತ ಕಟ್ಟಿದ್ದಳು, ಹಗುರ. ಸೊಸೆಯದು ಮಾತ್ರ ಎರಡು ಚೀಲ ಆಯಿತು. ರೈಲಿನಲ್ಲಿ ಕಾಯಿಗಳು ಸೀಟಿನ ಕೆಳಗೆ ಉರುಳಾಡಿ, ದಿಲ್ಲಿ ತನಕ ಮಂದಿ ಕಾಲು ಮೇಲಿಟ್ಟುಕೊಂಡೇ ಕುಳಿತಿದ್ದರು.

ತುಂಬಿದ ಉಡಿ ತುಂಬಿಸಿಕೊಂಡವಳ ಜೊತೆಗೇ ಇರಬೇಕು. ಬೇರೆ ಗಾಡಿಗೆ ಹಾಕಬಾರದು, ನಡುದಾರಿಯಲ್ಲಿ ಬಿಡಬಾರದು. ಇದನ್ನು ಯಾರು ಮಾಡಿದರು ಎಂದು ನನ್ನನ್ನು ಕೇಳಬೇಡಿ. ನನ್ನ ಅತ್ತೆ ನನಗೆ ಹೇಳಿದಳು, ನಾನು ಸೊಸೆಗೆ ಹೇಳಿದೆ. ನನ್ನ ಅತ್ತೆಯ ಕಾಲದಲ್ಲಿ ಚಕ್ಕಡಿ ಇತ್ತು, ಉಡಿ ಅಂದರೆ ಒಂದು ಬೊಗಸೆ ಅಕ್ಕಿ ಇತ್ತು ಎಂಬ ಮಾತು ಬೇರೆ.

ಮನಾಲಿಯಲ್ಲಿ ಸಾಮಾನು ಹೇರಲು ಒಂದು ಪಿಕಪ್ ಗಾಡಿ ಹಿಡಿದಿದ್ದರು. ಮುಂದೆ ಡ್ರೈವರ್ ಪಕ್ಕ, ಮುಖಕ್ಕೆ ಗಾಳಿ ಬಡಿಯುವಂತೆ ಕಿಟಕಿಯ ಗಾಜು ಇಳಿಸಿಕೊಂಡು ನಾನು. ಡ್ರೈವರ್ ಅಲ್ಲಿಯವನೇ, ಹಿಂದಿ ಮಾತಾಡುವವನು. ನರ್ಸ್ ನಡುವೆ ನಿಂತು ಅವನದು ನನಗೆ, ನನ್ನದು ಅವನಿಗೆ ಹೇಳುತ್ತಿದ್ದಳು. ಎಲ್ಲರ ಚೀಲಗಳೂ ಪಿಕಪ್‍ನಲ್ಲಿ ಬಿದ್ದವು. ಸೊಸೆಯ ಉಡಿ ಮಾತ್ರ ಆಕೆಯ ಗಾಡಿಗೇ ಕಟ್ಟಿಸಿದೆ. ಒಂದು ಮಗ್ಗುಲಿಗೆ ಕಾಯಿ, ಇನ್ನೊಂದು ಮಗ್ಗುಲಿಗೆ ಅಕ್ಕಿ, ಹಿಂದಿನ ಸೀಟಿನ ಮೇಲೆ ಖಣದ ಗಂಟು.

ಡ್ರೈವರ್ ಅದನ್ನು ನೋಡಿ ನರ್ಸಿಗೆ ಏನೋ ಕೇಳಿದ.

"ಮೇಡಂ ಅಲ್ಲಿ ಹೋಗಿ ಅಂಗಡಿ ಇಡಾವ್ರೇನು ಅಂತ ಕೇಳಾಕತ್ತಾನ್ರೀ ಆಯಿ," ಎಂದಳು ನರ್ಸ್.

"ಅವನ ಗಾಡಿ ಅವ ನೋಡಿಕೊಳ್ಳಲಿ ಅಂತ ಹೇಳು."

ಬೆಟ್ಟದ ವರ್ಣನೆ ನನ್ನಿಂದಾಗದು. ನಮ್ಮ ಬಾದಾಮಿಯ ಗುಡ್ಡ ನೋಡಿದವರು ಅದರ ಮೇಲೆ ಅಂಥವೇ ಹಲವು ಇಟ್ಟು, ತುದಿಗೆ ಸುಣ್ಣ ಬಳಿದದ್ದನ್ನು ನೆನೆಸಿಕೊಳ್ಳಿ. ಮೇಲೆ ಹೋದಂತೆ ಮಂದಿಗೆ ಉಸಿರು ಸಾಲದು. ನರ್ಸ್ ಎಲ್ಲರ ಬೆರಳಿಗೂ ಉಸಿರಿನ ಅಂಕಿ ತೋರಿಸುವ ಒಂದು ಚಿಮಟಿಗೆ ಹಚ್ಚಿ ನೋಡುತ್ತಿದ್ದಳು. ಖಣದಾಕೆ ಮೈಯಲ್ಲಿ ದಪ್ಪ, ಬಾಯಿ ತೆರೆದುಕೊಂಡೇ ಗಾಡಿ ಹೊಡೆಯುತ್ತಿದ್ದಳು. ಅಂಕಿ ಎಲ್ಲರಿಗಿಂತ ನನ್ನದೇ ಚಲೋ ಬಂತು.

"ಆಯಿ, ಏನು ತಿಂದೀರಿ ಚಿಕ್ಕಂದಿನಾಗ?" ಎಂದಳು ಖಣದಾಕೆ.

"ಬೈಗಳಾ," ಎಂದೆ.

ದೊಡ್ಡ ಘಾಟಿನ ಕಡೆಯ ತಿರುವುಗಳಲ್ಲಿ ಹಿಮ ಕರಗಿ ದಾರಿಯೆಲ್ಲ ರಾಡಿಯಾಗಿತ್ತು. ಮೂವರು ಹ್ಯಾಗೋ ಹತ್ತಿದರು. ಸೊಸೆ ಕಾಯಿಯ ಮಗ್ಗುಲಿಗೆ ವಾಲಿ ಬಿದ್ದಳು. ಎತ್ತಿ ನಿಲ್ಲಿಸಿದರು. ಒಂದು ತಿರುವು ಹೋಗಿ ಅಕ್ಕಿಯ ಮಗ್ಗುಲಿಗೆ ಬಿದ್ದಳು. ಅದನ್ನೂ ಎತ್ತಿದರು. ಮತ್ತೆ ಕಾಯಿಯ ಕಡೆ. ಆ ಎತ್ತರದಲ್ಲಿ ಒಂದು ಕೊಡ ಎತ್ತಿದರೂ ಎದೆ ಬಡಿದುಕೊಳ್ಳುತ್ತದೆ, ಇನ್ನು ಅಂಥ ಗಾಡಿ. ಡ್ರೈವರ್ ಕೆಳಗಿಳಿದು ಪಿಕಪ್ಪಿನ ಹಿಂದಿನ ಬಾಗಿಲು ತೆರೆದು ನಿಂತ.

ಸೊಸೆ ಹೆಲ್ಮೆಟ್ಟಿನ ಗಾಜು ಎತ್ತಿ ನನ್ನ ಕಡೆ ನೋಡಿದಳು. "ಅತ್ತಿ, ಗಾಡಿ ಹೇರಾಂಗಿಲ್ಲ, ಗೊತ್ತೈತಿ. ಚೀಲರ ಹಾಕಲೇನು?"

"ಉಡಿ ಬ್ಯಾರೆ ಗಾಡಿಗೆ ಹಾಕೂ ಹಂಗಿಲ್ಲ."

"ಹಂಗಾರ ನಾ ಇಲ್ಲೇ ಇರತೇನಿ. ಗುಡೂರಿನಾವಗ ಇಲ್ಲಿಗೇ ಬಾ ಅನ್ರಿ."

ಆಕೆಯ ಮೂಗು ಕೆಂಪಾಗಿತ್ತು. ಚಳಿಗೋ ಅಳುವಿಗೋ ನಾನು ವಿಚಾರಿಸಲಿಲ್ಲ. ಸ್ವಲ್ಪ ಮೇಲೆ, ಘಾಟಿನ ತುದಿಯಲ್ಲಿ, ಬಣ್ಣಬಣ್ಣದ ಬಾವುಟ ಕಟ್ಟಿದ ಒಂದು ಸಣ್ಣ ಗುಡಿ ಕಾಣುತ್ತಿತ್ತು. ಲಾರಿಯವರು ಅಲ್ಲಿ ಇಳಿದು ಕೈ ಮುಗಿದು ಹೋಗುತ್ತಿದ್ದರು. ಯಾವ ದೇವರೋ ನನಗೆ ಗೊತ್ತಿಲ್ಲ. ಅಷ್ಟು ಮೇಲೆ ಒಬ್ಬನೇ ಕುಳಿತವನು ದೇವರೇ ಇರಬೇಕು.

"ಎಲ್ಲಾರೂ ಹಿಂದ ಹಚ್ಚಿ ನೂಕ್ರಿ. ನೂಕಾಕ ಅಡ್ಡಿಯಿಲ್ಲ, ಹೇರಾಕ ಅಡ್ಡಿ. ಗುಡಿತನಕ ಒಯ್ಯೂಣು. ದೇವರ ಮುಂದ ಉಡಿ ಕಾಯಿ ಒಡದ್ರ ಅದು ಮುಟ್ಟಿದಂಗ," ಎಂದೆ.

ನೂಕಿದರು. ಗುಡಿಯ ಮುಂದೆ ಕುಳಿತು ನಾನೇ ಬಂಡೆಗೆ ಕಾಯಿ ಒಡೆಯಲು ಹತ್ತಿದೆ. ಒಂದಾದ ಮೇಲೊಂದು ಹೊರಗೆ ಬಂದಂತೆ ಅಲ್ಲಿ ನಿಂತಿದ್ದ ಮಂದಿಯೆಲ್ಲ ಸುತ್ತ ಸೇರಿದರು. ಗಡ್ಡದ ಪಂಜಾಬಿ ಹುಡುಗರ ದೊಡ್ಡ ಮೋಟರ್ ಸೈಕಲ್ ಗುಂಪೊಂದು ಬಂದಿತ್ತು, ಅವರು ಪಾಳಿ ಹಚ್ಚಿ ನಿಂತರು. ಲಾರಿಯವರು ಬಂದರು. ಅಷ್ಟು ಎತ್ತರದಲ್ಲಿ ತೆಂಗಿನಕಾಯಿ ಕಂಡವರು ಯಾರೂ ಇರಲಿಲ್ಲ. ಒಬ್ಬನು ನರ್ಸನ್ನು ಏನೋ ಕೇಳಿದ.

"ಇದು ನಿಮ್ಮೂರ ಯಾವ ಹಬ್ಬ ಅಂತಾನ್ರಿ."

"ಭಾರ ಇಳಸೂ ಹಬ್ಬ ಅಂತ ಹೇಳು."

ಕಾಯಿ ತಿಂದವರ ಕೈಯಲ್ಲೇ ಅಕ್ಕಿಯನ್ನೂ ಬೊಗಸೆ ಬೊಗಸೆ ಪ್ರಸಾದ ಮಾಡಿ ಕೊಟ್ಟೆ. ಹಸಿ ಅಕ್ಕಿ ಹಿಡಿದುಕೊಂಡು ಅವರು ಮುಂದೇನು ಮಾಡಿದರೋ ತಿಳಿಯದು. ನಮ್ಮ ಬನಶಂಕರಿಗೆಂದು ಒಂದು ಕಾಯಿ ಉಳಿಸಿಕೊಂಡೆ. ಖಣದ ಗಂಟು ಹಗುರ, ಅದು ಇರಲಿ ಎಂದೆ.

ಸೊಸೆ ಕಾಯಿಯ ಚೂರು ಅಗಿಯುತ್ತ ಕೇಳಿದಳು. "ಅತ್ತಿ, ಈ ಮಾತು ಕೆಳಗಿದ್ದಾಗ ಹೇಳಬಾರದಿತ್ತೇನ್ರಿ? ದಾರಿ ತುಂಬ ಗುಡಿ ಇದ್ದವು."

"ಆವಾಗ ನೀ ಬಿದ್ದಿರಲಿಲ್ಲ."

ಲೇಹದಲ್ಲಿ ಫೋನು ಹತ್ತಿತು. ಮಗನದೇ. "ಅವ್ವ, ಹೇರಿದ್ರೇನ?"

"ಇಲ್ಲ."

"ಗುಡೂರಿನವ ದಿನಾ ಕೇಳಾಕತ್ತಾನ."

"ಅವಗ ಕೆಲಸಿಲ್ಲೇನ? ನಿನ್ನ ಸೊಂಟ ಹ್ಯಾಂಗೈತಿ?"

"ಹಂಗ ಐತಿ. ಅನ್ನಕ್ಕ ನೀರು ಎಷ್ಟು ಹಾಕಬೇಕವ್ವ?"

ಹೇಳಿ ಫೋನು ಇಟ್ಟೆ.

ಲೇಹದಿಂದ ಇನ್ನೊಂದು ಘಾಟು ದಾಟಿದೆವು. ಕಾಯಿ, ಅಕ್ಕಿ ಇಲ್ಲದ ಗಾಡಿ ಕರುವಿನಂತೆ ಜಿಗಿದು ಹತ್ತಿತು. ಆಚೆ ಇಳಿದರೆ ಮರಳುಗಾಡು. ನಾನು ಮರಳುಗಾಡು ಅಂದರೆ ಬಿಸಿಲು ಅಂದುಕೊಂಡಿದ್ದೆ. ಇಲ್ಲಿ ತಣ್ಣಗಿನ ಗಾಳಿ, ಮೇಲೆ ಹಿಮದ ಬೆಟ್ಟ, ಕೆಳಗೆ ಮರಳು. ಬೆನ್ನ ಮೇಲೆ ಎರಡೆರಡು ಡುಬ್ಬ ಇರುವ ಒಂಟೆಗಳು. ಎರಡು ಡುಬ್ಬದ ನಡುವೆ ಮನುಷ್ಯನನ್ನು ಕೂಡಿಸುತ್ತಾರೆ. ಬೀಳುವ ಭಯವಿಲ್ಲ. ಸೊಸೆಗೆ ಗಾಡಿಯ ಬದಲು ಒಂಟೆ ಕೊಡಿಸಿದ್ದರೆ ಚಲೋ ಇತ್ತು ಎಂದು ಖಣದಾಕೆಗೆ ಹೇಳಿದೆ.

ನಾವು ಇಳಿದುಕೊಳ್ಳುವ ಡೇರೆಗೆ ಹೋಗುವ ಹಾದಿಯ ಮೇಲೆ ಗಾಳಿಗೆ ಮರಳು ಬಂದು ಕುಳಿತಿತ್ತು. ಡ್ರೈವರ್ ಗಟ್ಟಿ ನೆಲದ ಮೇಲೆ ನಿಲ್ಲಿಸಿಕೊಂಡು, ಸುತ್ತು ಹಾಕಿ ಹೋಗೋಣ ಎಂದ. ಮೂವರು ಅವನ ಮಾತು ಕೇಳಿದರು. ಸೊಸೆಗೆ ಘಾಟು ದಾಟಿದ ಸೊಕ್ಕು ಬಂದಿತ್ತು. ನೇರ ಹೊಕ್ಕಳು. ಸ್ವಲ್ಪ ದೂರ ಹೋಗಿ ಹಿಂದಿನ ಗಾಲಿ ಸರಪಳಿ ತನಕ ಹೂತುಹೋಯಿತು.

ಅಕ್ಕೋರು ಓಡಿಬಂದು ಗಾಲಿಯ ಗಾಳಿ ಸ್ವಲ್ಪ ಬಿಟ್ಟಳು. ನೂಕಿದರು. ಗಾಲಿ ಇದ್ದಲ್ಲೇ ತಿರುಗಿ ಇನ್ನೂ ಕೆಳಗೆ ಇಳಿಯಿತು. ಹಿಂದೆ ನಿಂತ ಖಣದಾಕೆಯ ಬಾಯಿ ತುಂಬ ಮರಳು. ಪಿಕಪ್ ಹತ್ತಿರ ತಂದರೆ ಅದೂ ಹೂತುಹೋಗುತ್ತದೆ. ಕಲ್ಲಿಲ್ಲ, ಹಲಗೆಯಿಲ್ಲ. ಸುತ್ತ ಇದ್ದದ್ದು ಮುಳ್ಳಿನ ಕಂಟಿ, ಅದನ್ನು ಗಾಲಿಗೆ ಕೊಟ್ಟರೆ ಪಂಕ್ಚರ್. ಗಾಳಿ ಜೋರಾಗತೊಡಗಿತು. ಡ್ರೈವರ್ ದೂರದಿಂದಲೇ ಕೂಗಿ ಹೇಳಿದ್ದನ್ನು ನರ್ಸ್ ಹೇಳಿದಳು.

"ಗಾಳಿ ಎದ್ರ ಕಣ್ಣು ಕಾಣಂಗಿಲ್ಲಂತ. ಗಾಡಿ ಇಲ್ಲೇ ಬಿಡ್ರಿ, ಮುಂಜಾನೆ ಟ್ರ್ಯಾಕ್ಟರ್ ತಂದು ಟ್ರಾಲ್ಯಾಗ ಹೇರಿಕೊಂಡು ಬರೂಣು ಅಂತಾನ."

ಹೇರುವುದು ಎಂಬ ಶಬ್ದ ಎಲ್ಲರಿಗೂ ಕೇಳಿಸಿತ್ತು. ಸೊಸೆ ಹೆಲ್ಮೆಟ್ ತೆಗೆದು ಮರಳಿನಲ್ಲಿ ಕುಳಿತಳು.

"ಸಾಕು. ಹೇರ್ರಿ. ಗುಡೂರಿನವ ಒಯ್ಯಲಿ."

ಆಕೆಯ ಮೇಲೆ ಅಂತಃಕರಣ ಬಂತು ಎಂದು ಬರೆದರೆ ಓದಲಿಕ್ಕೆ ಚಲೋ ಇರುತ್ತದೆ. ನನಗೆ ಆಗ ನೆನಪಾದದ್ದು ಬಾಗಲಕೋಟೆಯ ಬಸ್ಸು. ಅದರ ಕಿಟಕಿ, ನನ್ನ ಕೈಯಲ್ಲಿ ಹುಳಿ ಲಿಂಬಿಕಾಯಿ, ಪಕ್ಕದವರು ದೂರ ಸರಿಯುವುದು. ನಾನು ಮರಳಿನಲ್ಲಿ ಕಾಲೆಳೆಯುತ್ತ ಗಾಡಿಯ ಹತ್ತಿರ ಹೋಗಿ ಖಣದ ಗಂಟು ಬಿಚ್ಚಿದೆ. ಓಣಿಯ ಒಂದೊಂದು ಮನೆಯದು ಒಂದೊಂದು ಖಣ. ಕೆಂಪು, ಹಸಿರು, ಗಿಣಿ ಬಣ್ಣ. ಮಡಿಕೆ ಬಿಚ್ಚದೆ ಹಿಂದಿನ ಗಾಲಿಯ ಮುಂದೆ ಒಂದರ ಮುಂದೊಂದು ಹಾಸತೊಡಗಿದೆ.

ಖಣದಾಕೆ ಬಾಯಿಯ ಮರಳು ಉಗುಳಿ ಓಡಿಬಂದಳು. "ಆಯಿ, ಏನು ಮಾಡಾಕತ್ತೀರಿ? ಮುತ್ತೈದಿ ಉಡಿ ಖಣ. ಅದನ್ನ ಗಾಲಿ ಕೆಳಗ ಹಾಕತಾರೇನ್ರಿ?"

"ಭೂಮಿತಾಯಿಗೆ ಉಡಿ ತುಂಬತೇವೋ ಇಲ್ಲೋ? ಹೊಲದಾಗ ಸೀರಿ ಖಣ ಇಡತೇವೋ ಇಲ್ಲೋ?"

"ಅದು ನಮ್ಮ ಭೂಮಿ."

"ಇದು ಯಾರ ಭೂಮಿ? ಒಂಟಿದೇನ? ಹಾಸು."

ಆಕೆ ಒಂದು ಖಣ ಎತ್ತಿಕೊಂಡು ಅಂಚು ತಿರುವಿ ನೋಡಿದಳು. "ಇದು ನನ್ನ ಅಂಗಡಿಯದು." ಮತ್ತೊಂದು ನೋಡಿದಳು. "ಇದು ನಮ್ಮೂರ ಇನ್ನೊಂದು ಅಂಗಡಿಯದು. ಇದನ್ನ ಮೊದಲ ಹಾಸ್ರಿ." ಕುಳಿತು ತಾನೂ ಹಾಸಿದಳು. ಖಣ ಸಾಲಲಿಲ್ಲ. ನನ್ನ ಚೀಲದಲ್ಲಿ ಒಂದು ಹಳೆಯ ಇಳಕಲ್ ಸೀರೆ ಇತ್ತು, ತರಿಸಿ ಉದ್ದಕ್ಕೆ ಬಿಡಿಸಿದೆ. "ಸೀರಿ ಇಳಕಲ್ಲಿಂದು, ಏನರ ಆಗಲಿ," ಎಂದಳು ಖಣದಾಕೆ.

ಸೊಸೆಗೆ ಏಳು ಎಂದೆ. ಆಕೆ ಏಳಲಿಲ್ಲ.

"ಅತ್ತಿ, ಆಗಂಗಿಲ್ರಿ."

"ಆಗಲಿಲ್ಲ ಅಂದ್ರ ನಿನ್ನ ಗಂಡಗ ಆಗಲಿಲ್ಲ ಅಂತ ಹೇಳತೇನಿ. ಆಗೂಕ್ಕಿಂತ ಮೊದಲ ನಾ ಏನು ಹೇಳಲಿ? ಏಳು, ಚಳಿ ಆಗಾಕತ್ತೈತಿ."

ಎದ್ದಳು. ಅಕ್ಕೋರು, ನರ್ಸ್, ಖಣದಾಕೆ ಮೂವರೂ ಹಿಂದೆ ಹಚ್ಚಿದರು. ಒಂಟೆಯವನೊಬ್ಬ ಬಂದು ಕೈ ಹಚ್ಚಿದ. ಗಾಲಿ ಮೊದಲ ಖಣವನ್ನು ಹಿಂದಕ್ಕೆ ಎಸೆಯಿತು, ಅದು ಹೋಗಿ ಒಂಟೆಯ ಕೊರಳಿಗೆ ಬಿತ್ತು. ಇನ್ನೊಂದನ್ನು ಸರಪಳಿ ನುಂಗಿತು. ಮೂರನೆಯದರ ಮೇಲೆ ಗಾಲಿ ಹಿಡಿಯಿತು. ಗಾಡಿ ಗುಳೇದಗುಡ್ಡವನ್ನೆಲ್ಲ ತುಳಿದು, ಇಳಕಲ್ ಸೀರೆಯ ಮೇಲೆ ಓಡಿ, ಗಟ್ಟಿ ನೆಲಕ್ಕೆ ಹೋಗಿ ನಿಂತಿತು. ಖಣದಾಕೆ ಬಿದ್ದಲ್ಲಿಂದಲೇ ಕೂಗಿದಳು, "ಒಂದರ ಹರೀತೇನು ನೋಡ್ರಿ. ನಮ್ಮ ಖಣ ಹಂಗ ಹರಿಯಂಗಿಲ್ಲ." ಸರಪಳಿಯಲ್ಲಿದ್ದದ್ದು ಮತ್ತೊಂದು ಅಂಗಡಿಯದೆಂದು ಆಕೆ ಇವತ್ತಿಗೂ ಹೇಳುತ್ತಾಳೆ.

ಸೊಸೆ ತಿರುಗಿ ಬಂದು ಖಣಗಳನ್ನು ಕೊಡವಿ, ಮಡಚಿ, ಮತ್ತೆ ಗಂಟು ಕಟ್ಟಿದಳು. ಡೇರೆಯಲ್ಲಿ ಚಹಾ ಬಂದಾಗ ತನ್ನದನ್ನು ಬಿಟ್ಟು ನನ್ನದಕ್ಕೆ ಮೊದಲು ಸಕ್ಕರೆ ಹಾಕಿದಳು, ಅಷ್ಟೇ. ಅದೂ ಹೆಚ್ಚಾಗಿತ್ತು.

ಮನಾಲಿ ತನಕ ಮತ್ತೆ ಹೇರುವ ಮಾತು ಬರಲಿಲ್ಲ.

ಇಳಕಲ್ಲಿಗೆ ಬಂದಾಗ ಗುಡೂರಿನವನು ನಮ್ಮ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ. ಮಗನೇ ಕರೆಸಿದ್ದ. ನಾನು ಕಾಲು ತೊಳೆಯುವ ಮೊದಲೇ ಮಗ ಕೇಳಿದ.

"ಅವ್ವ, ಖರೆ ಹೇಳು."

"ಖರೇನ ಹೇಳತೇನಿ. ಘಾಟಿನ್ಯಾಗ ಬಿದ್ದಳು. ಎತ್ತಿ ನಿಲ್ಲಿಸಿದ್ರು, ಮತ್ತ ಬಿದ್ದಳು. ಮಂದಿ ನೂಕಿದ್ರು. ಮರಳಿನ್ಯಾಗ ಹುಗದಳು. ಸಾಕು, ಹೇರ್ರಿ ಅಂದಳು. ಹೇರಲಿಲ್ಲ. ಗಾಡಿ ತನ್ನ ಗಾಲಿ ಮ್ಯಾಲ ಮನಾಲಿಗೆ ಬಂತು."

ಮಗ ಗುಡೂರಿನವನ ಕಡೆ ನೋಡಿದ. "ಸಾಕು ಅಂದ್ಲಂತಲ್ಲ. ಸಾಕು ಅಂದ್ರ ಸೋತಂಗ ಆತು."

"ನೀ ದಿನಾ ಅಂಗಡಿಗೆ ಹೋಗೂ ಮುಂದ ಸಾಕಾತು ಅಂತಿ. ಅಂಗಡಿ ಮಾರಿದೇನು?"

ಗುಡೂರಿನವನ ಮೂಗಿನಲ್ಲಿ ಚಹಾ ಹೋಯಿತು. ಕೆಮ್ಮಿ, ಕಣ್ಣೊರೆಸಿಕೊಂಡು, "ಅಣ್ಣಾರ, ನಾ ಬ್ಯಾರೆ ಗಾಡಿ ನೋಡಿಕೋತೇನ್ರಿ," ಎಂದು ಎದ್ದ. ಸೊಸೆ ಗಾಡಿಯ ಬೀಗದ ಕೈಯನ್ನು ಗಂಡನ ಮುಂದೆಯೇ ಕೊರಳಿನ ಸರಕ್ಕೆ ಸಿಕ್ಕಿಸಿಕೊಂಡಳು.

ಉಳಿಸಿಕೊಂಡ ಕಾಯಿಯೊಂದು ಇತ್ತಲ್ಲ. ಚೊಳಚಗುಡ್ಡಕ್ಕೆ ಹೋಗಿ ಬನಶಂಕರಿಗೆ ಒಡೆಸಿಕೊಂಡು ಬರಬೇಕು, ಅಲ್ಲಿಗೆ ಉಡಿ ಮುಟ್ಟಿದಂತೆ. ಗಂಡ ಹೆಂಡತಿ ಇಬ್ಬರೂ ಹೋಗಿ ಎಂದೆ. ಮಗ ಸೊಂಟ ಎಂದ. ಗಾಡಿ ಹೊಡೆಯುವವರಿಗೆ ಸೊಂಟ ಬೇಕು, ಹಿಂದೆ ಕೂಡುವವರಿಗೆ ಏನು ಎಂದೆ. ಕಡೆಗೆ ಕೂತ. ಕಾಯಿ ಎಲ್ಲಿಡಬೇಕು ಎಂದು ಕೇಳಿದ. ಅವನಪ್ಪನ ಅದೇ ದೋತರವನ್ನು ತೊಡೆಯ ಮೇಲೆ ಹಾಸಿ ಕಾಯಿ ಇಟ್ಟೆ. ಒಂದು ಕೈಯಲ್ಲಿ ಕಾಯಿ, ಇನ್ನೊಂದು ಕೈಯಲ್ಲಿ ಹೆಂಡತಿಯ ಭುಜ ಹಿಡಿದುಕೊಂಡು ಕುಳಿತವನನ್ನು ನೋಡಲು ಓಣಿಯ ಹೆಂಗಸರೆಲ್ಲ ಹೊರಗೆ ಬಂದರು. ಎದುರು ಮನೆಯವಳು ಒಳಗೆ ಹೋಗಿ ತಟ್ಟೆಯಲ್ಲಿ ಅಕ್ಕಿ, ಕಾಯಿ, ಖಣ ಇಟ್ಟುಕೊಂಡು ಮತ್ತೆ ಬರುವುದು ನನಗೆ ಕಾಣಿಸಿತು. ಆಕೆಯ ಹಿಂದೆ ಬಾಜೂ ಮನೆಯವಳೂ ತನ್ನ ಬಾಗಿಲ ಕಡೆ ತಿರುಗಿದ್ದಳು.

"ಲಗೂನ ಗಾಡಿ ಬಿಡು," ಎಂದೆ ಸೊಸೆಗೆ. "ಸೋಮವಾರ ನನ್ನ ಕಣ್ಣು ತೋರಿಸೂದೈತಿ."